ಲಿನಕ್ಸ್‌ನಲ್ಲಿ ಗ್ರಾಫಿಕ್ಸ್ ಡ್ರೈವರ್: ಕಾರ್ಡ್ ಗುರುತಿಸುವುದರಿಂದ ಕಪ್ಪು ಪರದೆ ಸರಿಪಡಿಸುವವರೆಗೆ

ಲಿನಕ್ಸ್ ಹಾಕಿಕೊಂಡ ಮೊದಲ ವಾರದಲ್ಲೇ ಅದನ್ನು ಕೈಬಿಟ್ಟವರನ್ನು ವಿಚಾರಿಸಿದರೆ, ಅವರಲ್ಲಿ ಅನೇಕರು ಹೇಳುವುದು ಒಂದೇ ಮಾತು: ಗ್ರಾಫಿಕ್ಸ್ ಡ್ರೈವರ್ ಹಾಕಿದೆ, ಮತ್ತೆ ಆನ್ ಮಾಡಿದರೆ ಪರದೆ ಕಪ್ಪಾಗಿ ನಿಂತುಬಿಟ್ಟಿತು. ಇಂಥ ಯಂತ್ರಗಳನ್ನು ತೆರೆದು ನೋಡಿದಾಗ ಕಾರ್ಡ್ ಕೆಟ್ಟಿರುವುದು ಅಪರೂಪ. ಬೇಡದ ಡ್ರೈವರನ್ನು ಹಾಕಿರುತ್ತಾರೆ, ಇಲ್ಲವೇ ಬೇಕಾದ ಡ್ರೈವರನ್ನು ತರಬಾರದ ಕಡೆಯಿಂದ ತಂದಿರುತ್ತಾರೆ. ಆದ್ದರಿಂದ ಈ ಬರಹದಲ್ಲಿ ಡ್ರೈವರ್ ಹಾಕುವುದಕ್ಕಿಂತ ಮೊದಲು ಮಾಡಬೇಕಾದ ಪರಿಶೀಲನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಯಂತ್ರದಲ್ಲಿ ಏನಿದೆ, ಈಗ ಯಾವ ಡ್ರೈವರ್ ಕೆಲಸ ಮಾಡುತ್ತಿದೆ ಎಂಬುದನ್ನು ಯಂತ್ರದ ಬಾಯಿಂದಲೇ ಕೇಳಿಕೊಂಡರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿನ ಆದೇಶಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕನ್ನಡ ಕೀಲಿಮಣೆ ವಿನ್ಯಾಸ ಹಾಕಿಕೊಂಡಿರುವವರು ಮೊದಲು ಇಂಗ್ಲಿಷಿಗೆ ಬದಲಿಸಿಕೊಳ್ಳಿ. ವಿವರಣೆಗೆ ಮುಖ್ಯವಾಗಿ ಉಬುಂಟು ಮತ್ತು ಲಿನಕ್ಸ್ ಮಿಂಟ್‌ಗಳನ್ನು ಇಟ್ಟುಕೊಂಡಿದ್ದೇನೆ, ಫೆಡೋರಾ ಬಳಸುವವರಿಗೆ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಡ್ರೈವರ್ ಎಲ್ಲಿರುತ್ತದೆ

ವಿಂಡೋಸ್‌ನಿಂದ ಬಂದವರಿಗೆ ಒಂದು ಅಭ್ಯಾಸ ಇರುತ್ತದೆ. ಹೊಸ ಯಂತ್ರ ಬಂದ ಕೂಡಲೇ ಕಾರ್ಡ್ ತಯಾರಿಸಿದ ಕಂಪನಿಯ ಜಾಲತಾಣಕ್ಕೆ ಹೋಗಿ ಡ್ರೈವರ್ ಇಳಿಸಿಕೊಳ್ಳುತ್ತಾರೆ. ಲಿನಕ್ಸ್‌ನಲ್ಲಿ ವ್ಯವಸ್ಥೆ ಬೇರೆ. ಇಲ್ಲಿ ಡ್ರೈವರ್ ಎಂದು ನಾವು ಕರೆಯುವುದು ಎರಡು ಭಾಗಗಳ ಜೋಡಿ. ಒಂದು ಭಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ ಕುಳಿತು ಕಾರ್ಡಿನೊಡನೆ ನೇರವಾಗಿ ವ್ಯವಹರಿಸುತ್ತದೆ. ಇದನ್ನು ಕರ್ನಲ್ ಮಾಡ್ಯೂಲ್ ಎನ್ನುತ್ತಾರೆ. ಇನ್ನೊಂದು ಭಾಗ ಹೊರಗಿದ್ದು, ಆಟಗಳು, ಬ್ರೌಸರ್ ಮುಂತಾದ ತಂತ್ರಾಂಶಗಳು ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ಗ್ರಾಫಿಕ್ಸ್ ಮಾನಕಗಳ ಮೂಲಕ ಕೇಳಿದ್ದನ್ನು ಕಾರ್ಡಿಗೆ ಅರ್ಥವಾಗುವ ಸೂಚನೆಗಳನ್ನಾಗಿ ಮಾರ್ಪಡಿಸುತ್ತದೆ. ಮುಕ್ತ (ಮೂಲ ಸಂಕೇತ ಎಲ್ಲರಿಗೂ ತೆರೆದಿರುವ) ಡ್ರೈವರ್‌ಗಳ ಈ ಹೊರಭಾಗವನ್ನು ಒದಗಿಸುವ ಯೋಜನೆಯ ಹೆಸರು ಮೆಸಾ.

ಇಂಟೆಲ್ ಮತ್ತು ಎಎಂಡಿ ಕಾರ್ಡುಗಳ ಮಾಡ್ಯೂಲ್‌ಗಳು ಕರ್ನಲ್‌ನ ಜೊತೆಯಲ್ಲೇ ಬರುತ್ತವೆ, ಮೆಸಾ ಕೂಡ ಉಬುಂಟು, ಫೆಡೋರಾದಂಥ ಎಲ್ಲ ಪ್ರಮುಖ ವಿತರಣೆಗಳಲ್ಲಿ ಮೊದಲೇ ಇರುತ್ತದೆ. ಹಾಗಾಗಿ ಈ ಎರಡು ಕಂಪನಿಗಳ ಕಾರ್ಡ್ ಇರುವವರು ಸಾಮಾನ್ಯವಾಗಿ ಯಾವ ಡ್ರೈವರನ್ನೂ ಹಾಕಬೇಕಾಗಿಲ್ಲ. ಪ್ರತ್ಯೇಕ ಕೆಲಸ ಇರುವುದು ಎನ್ವಿಡಿಯಾ ಕಾರ್ಡ್ ಇರುವವರಿಗೆ. ಅವರ ಕಾರ್ಡಿಗೂ ಕರ್ನಲ್‌ನಲ್ಲಿ ನೂವೋ (nouveau) ಎಂಬ ಮುಕ್ತ ಡ್ರೈವರ್ ಇದೆ, ಅದರಲ್ಲಿ ಪತ್ರ ಬರೆಯುವುದು, ಜಾಲ ನೋಡುವುದು ನಡೆಯುತ್ತದೆ. ಆದರೆ ಆಟ, ವಿಡಿಯೊ ಸಂಕಲನ, ಬ್ಲೆಂಡರ್‌ನಂಥ 3ಡಿ ತಂತ್ರಾಂಶ, ಎನ್ವಿಡಿಯಾದ ‘ಕೂಡಾ’ (CUDA) ಎಂಬ ಲೆಕ್ಕಾಚಾರದ ವ್ಯವಸ್ಥೆಯನ್ನು ಬೇಡುವ ಯಂತ್ರಕಲಿಕೆ ಇವುಗಳಿಗೆ ಕಂಪನಿಯದೇ ಡ್ರೈವರ್ ಬೇಕು. ಆ ಡ್ರೈವರಿನ ಮಾಡ್ಯೂಲ್ ಕರ್ನಲ್‌ನ ಹೊರಗಿನದು. ಕರ್ನಲ್ ಬದಲಾದಾಗಲೆಲ್ಲ ಅದಕ್ಕೆ ಹೊಂದುವ ಮಾಡ್ಯೂಲ್ ಹೊಸದಾಗಿ ಸಿದ್ಧವಾಗಬೇಕು. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಹೇಳುವ ಬಹುಪಾಲು ತೊಂದರೆಗಳ ಬೇರು ಇಲ್ಲೇ ಇದೆ.

ಮೊದಲ ಹೆಜ್ಜೆ: ಕಾರ್ಡನ್ನು ಗುರುತಿಸುವುದು

ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಕೆ’ ಎಂದು ಕೊಡಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ‘ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್’, ‘3ಡಿ ಕಂಟ್ರೋಲರ್’ ಅಥವಾ ‘ಡಿಸ್‌ಪ್ಲೇ ಕಂಟ್ರೋಲರ್’ ಎಂಬ ಪದಗಳಿರುವ ಸಾಲುಗಳನ್ನು ಹುಡುಕಿ. ಒಂದು ಮಾಮೂಲಿ ಲ್ಯಾಪ್‌ಟಾಪಿನಲ್ಲಿ ಇಂಥ ಎರಡು ಸಾಲುಗಳು ಸಿಗಬಹುದು. 00:02.0 ಎಂದು ಶುರುವಾಗುವ ಸಾಲಿನಲ್ಲಿ ಇಂಟೆಲ್‌ನ ಹೆಸರು, 01:00.0 ಎಂದು ಶುರುವಾಗುವ ಸಾಲಿನಲ್ಲಿ ಎನ್ವಿಡಿಯಾದ ಹೆಸರು, ಅದರ ಮುಂದೆ ‘ಟಿಯು117ಎಂ’ ಎಂಬ ಚಿಪ್ ಸಂಕೇತ, ಚೌಕ ಆವರಣದೊಳಗೆ ‘ಜಿಫೋರ್ಸ್ ಜಿಟಿಎಕ್ಸ್ 1650 ಮೊಬೈಲ್’ ಎಂಬ ಮಾರುಕಟ್ಟೆಯ ಹೆಸರು. ಹೀಗೆ ಎರಡಿದ್ದರೆ ನಿಮ್ಮದು ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಹೈಬ್ರಿಡ್ ಯಂತ್ರ. ಅದರ ವಿಚಾರವನ್ನು ಮುಂದೆ ಬೇರೆಯಾಗಿ ಹೇಳುತ್ತೇನೆ.

ಪ್ರತಿಯೊಂದು ಚಿಪ್‌ನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲಿರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಾಲು ಇದೇ. ಅಲ್ಲಿ ‘ಐ915’ ಅಥವಾ ‘ಎಕ್ಸ್‌ಇ’ ಇದ್ದರೆ ಇಂಟೆಲ್ ಡ್ರೈವರ್ ಕೆಲಸ ಮಾಡುತ್ತಿದೆ, ‘ಎಎಂಡಿಜಿಪಿಯು’ ಅಥವಾ ಹಳೆಯ ಕಾರ್ಡುಗಳಲ್ಲಿ ‘ರೇಡಿಯಾನ್’ ಇದ್ದರೆ ಎಎಂಡಿ ಡ್ರೈವರ್ ಕೆಲಸ ಮಾಡುತ್ತಿದೆ, ‘ನೂವೋ’ ಇದ್ದರೆ ಎನ್ವಿಡಿಯಾ ಕಾರ್ಡನ್ನು ಮುಕ್ತ ಡ್ರೈವರ್ ನಡೆಸುತ್ತಿದೆ, ‘ಎನ್ವಿಡಿಯಾ’ ಎಂದೇ ಇದ್ದರೆ ಕಂಪನಿಯ ಡ್ರೈವರ್ ಆಗಲೇ ಕೂತಿದೆ. ಕೆಲವರು ಈ ಕೊನೆಯ ಸಾಲನ್ನು ನೋಡದೆ ಎರಡನೆಯ ಬಾರಿ ಡ್ರೈವರ್ ಹಾಕಲು ಹೋಗಿ, ಸರಿಯಿದ್ದದ್ದನ್ನು ಕೆಡಿಸಿಕೊಳ್ಳುತ್ತಾರೆ. ಆ ಸಾಲೇ ಇಲ್ಲದಿದ್ದರೆ ಯಾವ ಮಾಡ್ಯೂಲೂ ಕಾರ್ಡನ್ನು ಹಿಡಿದಿಲ್ಲ ಎಂದರ್ಥ.

ಕರ್ನಲ್‌ನ ಭಾಗ ಸರಿಯಿದ್ದು ಹೊರಭಾಗ ಹೇಗಿದೆ ಎಂದು ತಿಳಿಯಲು, ‘ಮೆಸಾ-ಯುಟಿಲ್ಸ್’ ಎಂಬ ಪ್ಯಾಕೇಜನ್ನು ಹಾಕಿಕೊಂಡು ‘ಜಿಎಲ್‌ಎಕ್ಸ್‌ಇನ್ಫೋ -ಬಿ’ ಎಂದು ಕೊಡಿ. ಈ ಕೊನೆಯ ‘ಬಿ’ ಮಾತ್ರ ದೊಡ್ಡಕ್ಷರ. ಬರುವ ಉತ್ತರದಲ್ಲಿ ‘ಓಪನ್‌ಜಿಎಲ್ ರೆಂಡರರ್’ ಎಂಬ ಸಾಲಿನ ಮುಂದೆ ನಿಮ್ಮ ಕಾರ್ಡಿನ ಹೆಸರಿರಬೇಕು. ‘ಎಲ್‌ಎಲ್‌ವಿಎಂಪೈಪ್’ ಎಂದಿದ್ದರೆ ಕಾರ್ಡ್ ಸುಮ್ಮನೆ ಕೂತಿದೆ, ಚಿತ್ರ ಬಿಡಿಸುವ ಪೂರ್ತಿ ಹೊರೆಯನ್ನು ಪ್ರೊಸೆಸರ್ ಹೊತ್ತಿದೆ. ಕಿಟಕಿಗಳು ಎಳೆದಂತೆ ಚಲಿಸುವುದು, ವಿಡಿಯೊ ತಡೆತಡೆದು ಓಡುವುದು, ಫ್ಯಾನ್ ಜೋರಾಗಿ ತಿರುಗುವುದು ಇದರ ಲಕ್ಷಣ.

ಎಎಂಡಿ ಕಾರ್ಡ್ ಇದ್ದೂ ಎಲ್‌ಎಲ್‌ವಿಎಂಪೈಪ್ ಕಂಡರೆ ಸಾಮಾನ್ಯ ಕಾರಣ ಎರಡು. ಕಾರ್ಡ್ ಹೊಸದು, ಕರ್ನಲ್ ಅಥವಾ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಹಳೆಯದು ಎಂಬುದು ಒಂದು. ಆಗ ಉಬುಂಟುವಿನ ದೀರ್ಘಾವಧಿ ಆವೃತ್ತಿಯಲ್ಲಿರುವವರು ಹೊಸ ಯಂತ್ರಾಂಶಕ್ಕೆಂದು ಕೊಡುವ ಎಚ್‌ಡಬ್ಲ್ಯೂಇ ಕರ್ನಲ್ಲಿಗೆ ಹೋಗಬೇಕು, ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜನ್ನೂ ಹೊಸದಾಗಿಸಬೇಕು. ಇನ್ನೊಂದು, ಹಿಂದೆಂದೋ ತುರ್ತಿಗೆ ಸೇರಿಸಿದ, ಗ್ರಾಫಿಕ್ಸ್ ಡ್ರೈವರನ್ನು ತಡೆಯುವ ‘ನೋಮೋಡ್‌ಸೆಟ್’ ಎಂಬ ಪದ, ಯಂತ್ರ ಶುರುವಾಗುವಾಗ ಕರ್ನಲ್ಲಿಗೆ ಕೊಡುವ ಬೂಟ್ ಸಾಲಿನಲ್ಲಿ ಹಾಗೆಯೇ ಉಳಿದಿರುವುದು. ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಎಂದು ಕೊಟ್ಟರೆ ಅದು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇಂಟೆಲ್, ಎಎಂಡಿ ಬಳಸುವವರ ಕೆಲಸ ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಎನ್ವಿಡಿಯಾ: ಯಾವ ಕಾರ್ಡಿಗೆ ಯಾವ ಡ್ರೈವರ್

ಎನ್ವಿಡಿಯಾ ಡ್ರೈವರ್‌ಗಳಿಗೆ ಸಂಖ್ಯೆಗಳಿವೆ, ದೊಡ್ಡ ಸಂಖ್ಯೆಯದು ಹೊಸದು. ಆದರೆ ಹೊಸದು ಎಲ್ಲ ಕಾರ್ಡಿಗೂ ಒಗ್ಗುವುದಿಲ್ಲ. ಜಿಟಿಎಕ್ಸ್ 400 ಮತ್ತು 500 ಸರಣಿಯ ಫರ್ಮಿ ಕಾರ್ಡುಗಳಿಗೆ 390, ಜಿಟಿಎಕ್ಸ್ 600 ಸರಣಿ ಮತ್ತು 700 ಸರಣಿಯ ಬಹುಪಾಲು ಸೇರಿದ ಕೆಪ್ಲರ್ ಕಾರ್ಡುಗಳಿಗೆ 470 ಕೊನೆಯ ಶಾಖೆಗಳು. ಜಿಟಿಎಕ್ಸ್ 900 ಸರಣಿಯ ಮ್ಯಾಕ್ಸ್‌ವೆಲ್, 10 ಸರಣಿಯ ಪಾಸ್ಕಲ್ ಕಾರ್ಡುಗಳಿಗೆ 580 ಕೊನೆಯದೆಂದು ಕಂಪನಿ 2025ರಲ್ಲಿ ಪ್ರಕಟಿಸಿತು. ಜಿಟಿಎಕ್ಸ್ 16 ಸರಣಿ ಮತ್ತು ಆರ್‌ಟಿಎಕ್ಸ್ 20 ಸರಣಿಯಿಂದ ಮುಂದಿನವು ಟ್ಯೂರಿಂಗ್ ಮತ್ತು ಅದರ ನಂತರದ ಪೀಳಿಗೆಗಳು. ಇವುಗಳಿಗೆ ಇತ್ತೀಚಿನ ಡ್ರೈವರ್ ನಡೆಯುತ್ತದೆ.

ಹೊಸಬರನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಡ್ರೈವರ್ ಹೆಸರಿನ ಕೊನೆಯಲ್ಲಿ ಕಾಣುವ ‘-ಓಪನ್’ ಎಂಬ ಬಾಲ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ನ ಮೂಲ ಸಂಕೇತವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಓಪನ್ ಎಂದಿರುವುದು ಆ ಮಾಡ್ಯೂಲ್ ಇರುವ ಡ್ರೈವರ್. ಅದರ ಹೊರಭಾಗ ಈಗಲೂ ಮುಕ್ತವಲ್ಲ, ನೂವೋಗೂ ಇದಕ್ಕೂ ಸಂಬಂಧವಿಲ್ಲ. ಈ ಓಪನ್ ಮಾಡ್ಯೂಲ್ ಟ್ಯೂರಿಂಗ್ ಮತ್ತು ನಂತರದ ಕಾರ್ಡುಗಳಲ್ಲಿ ಮಾತ್ರ ನಡೆಯುತ್ತದೆ, ಏಕೆಂದರೆ ಅದು ಆ ಚಿಪ್‌ಗಳಲ್ಲಿರುವ ಜಿಎಸ್‌ಪಿ ಎಂಬ ಸಣ್ಣ ಪ್ರೊಸೆಸರನ್ನು ನೆಚ್ಚಿಕೊಂಡಿದೆ. ಆದ್ದರಿಂದ ಜಿಟಿಎಕ್ಸ್ 1050 ಅಥವಾ 1060 ಇರುವವರು, ಎಂಎಕ್ಸ್ 150, 250, 350 ಇರುವ ಲ್ಯಾಪ್‌ಟಾಪಿನವರು ಓಪನ್ ಆರಿಸಬಾರದು. ಆರಿಸಿದರೆ ಕಾರ್ಡ್ ಎಚ್ಚರಗೊಳ್ಳುವುದೇ ಇಲ್ಲ. ಜಿಟಿಎಕ್ಸ್ 1650 ಇರುವವರು ಆರಿಸಬಹುದು. ಆರ್‌ಟಿಎಕ್ಸ್ 50 ಸರಣಿಯವರಿಗೆ ಓಪನ್ ಬಿಟ್ಟರೆ ಬೇರೆ ದಾರಿಯಿಲ್ಲ. ಹೆಸರಿನಲ್ಲಿ ‘-ಸರ್ವರ್’ ಎಂದಿರುವವು ಡೇಟಾ ಸೆಂಟರ್‌ಗಳಿಗೆ, ಮನೆಯ ಯಂತ್ರಕ್ಕೆ ಬೇಡ.

ಹಾಕುವ ಕ್ರಮ

ಶುರು ಮಾಡುವ ಮುನ್ನ ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಕರೆಂಟು ಹೋಗುವ ಹೊತ್ತನ್ನು ತಪ್ಪಿಸಿಕೊಂಡು ಕೂತುಕೊಳ್ಳಿ, ಮಾಡ್ಯೂಲ್ ಅರ್ಧ ಕಟ್ಟುವಾಗ ವಿದ್ಯುತ್ ಹೋದರೆ ಪ್ಯಾಕೇಜ್ ವ್ಯವಸ್ಥೆ ನಡುವೆ ಸಿಕ್ಕಿಕೊಳ್ಳುತ್ತದೆ. ಹಾಗಾದರೆ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ (ಸುಡೊ ಅಂದರೆ sudo, ಆಡಳಿತಗಾರನ ಅಧಿಕಾರದಿಂದ ನಡೆಸು ಎಂಬ ಸೂಚನೆ) ಎಂಬ ಆದೇಶ ಉಳಿದ ಕೆಲಸವನ್ನು ಪೂರೈಸುತ್ತದೆ. ಟೈಮ್‌ಶಿಫ್ಟ್ ಎಂಬ ತಂತ್ರಾಂಶ ಮಿಂಟ್‌ನಲ್ಲಿ ಮೊದಲೇ ಇರುತ್ತದೆ, ಉಬುಂಟುವಿನಲ್ಲಿ ಹಾಕಿಕೊಳ್ಳಬಹುದು. ಅದರಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಏನೇ ಆದರೂ ಇಂದಿನ ಸ್ಥಿತಿಗೆ ಮರಳಬಹುದು. ನಂತರ ವ್ಯವಸ್ಥೆಯ ಎಲ್ಲ ಅಪ್‌ಡೇಟ್‌ಗಳನ್ನು ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಹೊಸ ಕರ್ನಲ್ ಬಂದು ಕೂತಿದ್ದರೂ ಹಳೆಯದರಲ್ಲೇ ಓಡುತ್ತಿರುವಾಗ ಡ್ರೈವರ್ ಹಾಕಲು ಹೊರಡುವುದು ಬೇಡ.

ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿ ತೆರೆದರೆ ನಿಮ್ಮ ಕಾರ್ಡಿಗೆ ಹೊಂದುವ ಡ್ರೈವರ್‌ಗಳ ಪಟ್ಟಿ ಕಾಣುತ್ತದೆ. ಮಿಂಟ್‌ನಲ್ಲಿ ಇದೇ ಕೆಲಸಕ್ಕೆ ‘ಡ್ರೈವರ್ ಮ್ಯಾನೇಜರ್’ ಇದೆ. ಶಿಫಾರಸು ಮಾಡಿದೆ ಎಂದು ತೋರಿಸುವುದನ್ನು ಆರಿಸಿ, ಪಾಸ್‌ವರ್ಡ್ ಕೊಟ್ಟು, ಮುಗಿಯುವವರೆಗೆ ಕಾಯಿರಿ. ಟರ್ಮಿನಲ್ ಬಯಸುವವರು ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಎಂದು ಪಟ್ಟಿ ನೋಡಿ, ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಎಂದು ಕೊಟ್ಟರೆ ಶಿಫಾರಸಿನದೇ ಬರುತ್ತದೆ.

ಫೆಡೋರಾದಲ್ಲಿ ಕಂಪನಿಯ ಡ್ರೈವರ್ ಆರ್‌ಪಿಎಂ ಫ್ಯೂಷನ್ ಎಂಬ ಪ್ರತ್ಯೇಕ ಭಂಡಾರದಲ್ಲಿದೆ. ಆ ಭಂಡಾರವನ್ನು ಸೇರಿಸಿಕೊಂಡು ‘ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಎಕೆಮೋಡ್-ಎನ್ವಿಡಿಯಾ’ (akmod-nvidia) ಎಂದು ಕೊಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ಆದೇಶ ಮುಗಿಯಿತೆಂದು ಕಂಡರೂ ಮಾಡ್ಯೂಲ್ ಕಟ್ಟುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತದೆ. ಐದು ನಿಮಿಷವಾದರೂ ಕಾದು, ‘ಮಾಡ್‌ಇನ್ಫೋ -ಎಫ್ ವರ್ಷನ್ ಎನ್ವಿಡಿಯಾ’ ಎಂದು ಕೇಳಿದಾಗ ಸಂಖ್ಯೆಯೊಂದು ಬಂದ ಮೇಲೆಯೇ ರೀಸ್ಟಾರ್ಟ್ ಮಾಡಿ. ಇಲ್ಲಿ ‘ಎಫ್’ ದೊಡ್ಡಕ್ಷರ.

ಕಂಪನಿಯ ಜಾಲತಾಣದಲ್ಲಿ ‘.ರನ್’ ಎಂದು ಕೊನೆಯಾಗುವ ಕಡತವೂ ಸಿಗುತ್ತದೆ. ಹೊಸಬರು ಅದನ್ನು ಮುಟ್ಟಬಾರದೆಂದು ಖಂಡಿತವಾಗಿ ಹೇಳುತ್ತೇನೆ. ಆ ಕಡತ ಹಾಕಿದ್ದು ಪ್ಯಾಕೇಜ್ ವ್ಯವಸ್ಥೆಯ ಲೆಕ್ಕಕ್ಕೆ ಬರುವುದಿಲ್ಲ, ಹೀಗಾಗಿ ಮುಂದಿನ ಅಪ್‌ಡೇಟ್‌ನಲ್ಲಿ ಎರಡೂ ಒಂದರ ಕಡತವನ್ನು ಇನ್ನೊಂದು ಅಳಿಸಿ ಬರೆಯುವ ಸಂಭವವಿದೆ.

ಸೆಕ್ಯೂರ್ ಬೂಟ್ ಮತ್ತು ಆ ನೀಲಿ ಪರದೆ

ಡ್ರೈವರ್ ಸರಿಯಾಗಿ ಹಾಕಿದ ಮೇಲೂ ಅದು ಕೆಲಸ ಮಾಡದೆ ಇರುವುದಕ್ಕೆ ನಾನು ಅತಿ ಹೆಚ್ಚು ಕಂಡ ಕಾರಣ ಇದು. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ, ನಂಬಿಕಸ್ತ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಎಂದು ಕೇಳಿದರೆ ಅದು ಚಾಲೂ ಇದೆಯೇ ಎಂದು ತಿಳಿಯುತ್ತದೆ. ಉಬುಂಟು ತಾನೇ ಸಹಿ ಮಾಡಿದ ಸಿದ್ಧ ಮಾಡ್ಯೂಲ್‌ಗಳನ್ನೂ ಕೊಡುತ್ತದೆ, ಅವು ಬಂದರೆ ತೊಂದರೆಯೇ ಇಲ್ಲ. ಮಾಡ್ಯೂಲನ್ನು ಡಿಕೆಎಂಎಸ್ ಎಂಬ ಸಾಧನದ ಮೂಲಕ ನಿಮ್ಮ ಯಂತ್ರದಲ್ಲೇ ಕಟ್ಟಬೇಕಾದಾಗ ಮಾತ್ರ ಯಂತ್ರ ತನ್ನದೇ ಕೀಲಿಯಿಂದ ಸಹಿ ಮಾಡುತ್ತದೆ, ಆ ಕೀಲಿಯನ್ನು ನಂಬಬೇಕೆಂದು ನೀವು ಒಮ್ಮೆ ಖುದ್ದಾಗಿ ಒಪ್ಪಿಗೆ ಕೊಡಬೇಕು. ಅದಕ್ಕಾಗಿಯೇ ಡ್ರೈವರ್ ಹಾಕುವಾಗ ನಡುವೆ ಒಂದು ಹೊಸ ಪಾಸ್‌ವರ್ಡ್ ಕೇಳುತ್ತದೆ.

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದಾಗ ತನ್ನ ಲ್ಯಾಪ್‌ಟಾಪಿನಲ್ಲಿ ಮೂರು ಬಾರಿ ಡ್ರೈವರ್ ಹಾಕಿ, ಮೂರು ಬಾರಿಯೂ ಸೋತು ನನಗೆ ಫೋನ್ ಮಾಡಿದ್ದ. ‘ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಏನಾದರೂ ಬಂತೇನೋ?’ ಎಂದು ಕೇಳಿದೆ. ‘ಬಂತು ಮಾವ, ಏನೋ ಎರರ್ ಅಂದುಕೊಂಡು ಎಂಟರ್ ಒತ್ತಿಬಿಟ್ಟೆ’ ಎಂದ. ಅವನು ಎಡವಿದ್ದು ಅಲ್ಲೇ. ಆ ಪರದೆ ಮೊದಲು ಯಾವುದಾದರೂ ಕೀಲಿ ಒತ್ತಿರೆಂದು ಹೇಳಿ ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ಒತ್ತಿದರೆ ಒಂದು ಪುಟ್ಟ ಪಟ್ಟಿ ಬರುತ್ತದೆ, ಅದರಲ್ಲಿ ಮೊದಲೇ ಆಯ್ಕೆಯಾಗಿ ನಿಂತಿರುವುದು ‘ಕಂಟಿನ್ಯೂ ಬೂಟ್’. ಅಲ್ಲಿ ಎಂಟರ್ ಒತ್ತಿದರೆ ಸಹಿಯ ಕೀಲಿಯ ನೋಂದಣಿಯಾಗದೆ ಯಂತ್ರ ಮುಂದೆ ಸಾಗುತ್ತದೆ. ಒತ್ತಬೇಕಾದದ್ದು ಕೆಳಗಿನ ‘ಎನ್‌ರೋಲ್ ಎಂಒಕೆ’, ಅಂದರೆ ಆ ಕೀಲಿಯನ್ನು ನೋಂದಾಯಿಸುವ ಆಯ್ಕೆ. ಆಮೇಲೆ ‘ಕಂಟಿನ್ಯೂ’, ‘ಯೆಸ್’, ನೀವು ಇಟ್ಟಿದ್ದ ಪಾಸ್‌ವರ್ಡ್, ಕೊನೆಗೆ ‘ರೀಬೂಟ್’. ಆ ಪರದೆ ಅಮೆರಿಕನ್ ಇಂಗ್ಲಿಷ್ ಕೀಲಿಮಣೆಯನ್ನೇ ನಂಬಿ ನಡೆಯುವುದರಿಂದ, ಈ ಪಾಸ್‌ವರ್ಡಿನಲ್ಲಿ ಬರಿಯ ಅಕ್ಷರ ಮತ್ತು ಅಂಕಿಗಳನ್ನು ಇಟ್ಟುಕೊಳ್ಳುವುದು ಕ್ಷೇಮ. ಕಾಗದದಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ.

ಅವಕಾಶ ತಪ್ಪಿಹೋದವರು ಡ್ರೈವರನ್ನು ಮತ್ತೆ ಹಾಕಬೇಕಾಗಿಲ್ಲ. ಉಬುಂಟು ಮತ್ತು ಮಿಂಟ್‌ನಲ್ಲಿ ‘ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ’ ಎಂದು ಕೊಟ್ಟರೆ ಹೊಸದಾಗಿ ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಮಾಡಿದಾಗ ಅದೇ ನೀಲಿ ಪರದೆ ಮತ್ತೆ ಬರುತ್ತದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟನ್ನೇ ನಿಲ್ಲಿಸಿಬಿಡಿ ಎಂಬ ಸಲಹೆಯೂ ಬಳಕೆಯಲ್ಲಿದೆ. ಅದು ಕೆಲಸ ಮಾಡುತ್ತದೆ, ಆದರೆ ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ, ಮುಂದಿನ ಬಾರಿ ವಿಂಡೋಸ್ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು. ಆ ಕೀಲಿ ಕೈಯಲ್ಲಿಲ್ಲದವರು ಅದಕ್ಕೆ ಕೈಹಾಕಬೇಡಿ.

ಕೆಲಸ ಮಾಡುತ್ತಿದೆಯೇ?

ರೀಸ್ಟಾರ್ಟ್ ಆದ ಮೇಲೆ ‘ಎನ್ವಿಡಿಯಾ-ಎಸ್‌ಎಂಐ’ ಎಂದು ಕೊಡಿ. ಚೌಕಟ್ಟಿನೊಳಗೆ ಡ್ರೈವರ್ ಸಂಖ್ಯೆ, ಕಾರ್ಡಿನ ಹೆಸರು, ಶಾಖ, ಬಳಕೆಯಾದ ಮೆಮೊರಿ ಕಂಡರೆ ಎಲ್ಲವೂ ಸರಿ. ಡ್ರೈವರಿನೊಡನೆ ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬಂದರೆ ಹೊರಭಾಗ ಇದೆ, ಮಾಡ್ಯೂಲ್ ಒಳಗೆ ಹೋಗಿಲ್ಲ. ಆಗ ಸೆಕ್ಯೂರ್ ಬೂಟನ್ನು ಮೊದಲು ನೋಡಿ. ಅದು ಸರಿಯಿದ್ದರೆ ‘ಡಿಕೆಎಂಎಸ್ ಸ್ಟೇಟಸ್’ ಎಂದು ಕೊಟ್ಟು, ‘ಯುನೇಮ್ -ಆರ್’ ತೋರಿಸುವ ಕರ್ನಲ್ ಸಂಖ್ಯೆಯ ಮುಂದೆ ‘ಇನ್‌ಸ್ಟಾಲ್ಡ್’ ಎಂದಿದೆಯೇ ನೋಡಿ. ಇಲ್ಲದಿದ್ದರೆ ಮಾಡ್ಯೂಲ್ ಕಟ್ಟಲು ಬೇಕಾದ, ಆ ಕರ್ನಲ್ಲಿನ ಹೆಡರ್ ಪ್ಯಾಕೇಜ್ ಇಲ್ಲದಿರುವ ಸಾಧ್ಯತೆ ಹೆಚ್ಚು. ಉಬುಂಟುವಿನಲ್ಲಿ ‘ಲಿನಕ್ಸ್-ಹೆಡರ್ಸ್-’ ಎಂಬುದರ ಕೊನೆಗೆ ‘ಯುನೇಮ್ -ಆರ್’ ತೋರಿಸಿದ್ದನ್ನು ಹಾಗೆಯೇ ಸೇರಿಸಿದ ಹೆಸರಿನ ಪ್ಯಾಕೇಜನ್ನು ಹಾಕಿದರೆ ಅದು ಬರುತ್ತದೆ.

ಎರಡು ಚಿಪ್ ಇರುವ ಲ್ಯಾಪ್‌ಟಾಪಿನವರು ‘ಜಿಎಲ್‌ಎಕ್ಸ್‌ಇನ್ಫೋ’ದಲ್ಲಿ ಈಗಲೂ ಇಂಟೆಲ್ ಎಂದೇ ಕಂಡರೆ ಗಾಬರಿಯಾಗಬೇಡಿ, ಅದು ಹಾಗೆಯೇ ಇರಬೇಕು. ಬ್ಯಾಟರಿ ಉಳಿಸಲು ನಿತ್ಯದ ಕೆಲಸವನ್ನು ಇಂಟೆಲ್ ನೋಡಿಕೊಳ್ಳುತ್ತದೆ, ಕೇಳಿದಾಗ ಮಾತ್ರ ಎನ್ವಿಡಿಯಾ ಎದ್ದು ಬರುತ್ತದೆ. ‘ಪ್ರೈಮ್-ಸೆಲೆಕ್ಟ್ ಕ್ವೆರಿ’ ಎಂದು ಕೇಳಿದರೆ ‘ಆನ್-ಡಿಮ್ಯಾಂಡ್’ ಎಂಬ ಉತ್ತರ ಬರುವುದು ಇದೇ ಏರ್ಪಾಡು. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್ ಪರಿಸರದಲ್ಲಿ ತಂತ್ರಾಂಶದ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ರೀಟ್ (ಅಂದರೆ ಪ್ರತ್ಯೇಕವಾದ, ಇಲ್ಲಿ ಎನ್ವಿಡಿಯಾದ) ಗ್ರಾಫಿಕ್ಸ್ ಕಾರ್ಡಿನಲ್ಲಿ ಶುರು ಮಾಡುವ ಆಯ್ಕೆಯನ್ನು ಒತ್ತಬಹುದು, ಟರ್ಮಿನಲ್‌ನಲ್ಲಾದರೆ ತಂತ್ರಾಂಶದ ಹೆಸರಿನ ಮುಂಚೆ ‘ಪ್ರೈಮ್-ರನ್’ ಸೇರಿಸಬೇಕು. ‘ಪ್ರೈಮ್-ರನ್ ಜಿಎಲ್‌ಎಕ್ಸ್‌ಇನ್ಫೋ -ಬಿ’ ಎಂದು ಕೊಟ್ಟಾಗ ಎನ್ವಿಡಿಯಾದ ಹೆಸರು ಕಂಡರೆ ನಿಮ್ಮ ಏರ್ಪಾಡು ಪೂರ್ಣವಾಗಿದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಕಿಂಡಿಯ ತಂತಿ ನೇರ ಎನ್ವಿಡಿಯಾ ಚಿಪ್ಪಿಗೇ ಹೋಗಿರುತ್ತದೆ, ಅಂಥವುಗಳಲ್ಲಿ ಈ ಡ್ರೈವರ್ ಕೂರದೆ ಹೊರಗಿನ ಮಾನಿಟರ್ ಬೆಳಗದಿರಬಹುದು.

ಪರದೆ ಕಪ್ಪಾದರೆ

ಮೊದಲು ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ ನೋಡಿ. ಅಕ್ಷರಗಳ ಲಾಗಿನ್ ಕಂಡರೆ ಯಂತ್ರ ಜೀವಂತವಾಗಿದೆ, ಚಿತ್ರದ ಭಾಗ ಮಾತ್ರ ಬಿದ್ದಿದೆ. ಅಲ್ಲಿಂದಲೇ ಎಲ್ಲ ಆದೇಶಗಳನ್ನೂ ಕೊಡಬಹುದು. ಏನೂ ಕಾಣದಿದ್ದರೆ ಯಂತ್ರವನ್ನು ಮತ್ತೆ ಆನ್ ಮಾಡುತ್ತ, ತಯಾರಕರ ಚಿಹ್ನೆ ಬಂದ ಕೂಡಲೇ ಎಸ್ಕೇಪ್ ಕೀಲಿಯನ್ನು ತಟ್ಟಿ, ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಯಾವುದನ್ನು ಶುರು ಮಾಡಬೇಕೆಂದು ಆರಿಸುವ ಗ್ರಬ್ ಪಟ್ಟಿ ತೆರೆಯುತ್ತದೆ. ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನಲ್ಲನ್ನು ಆರಿಸಿ. ನಿನ್ನೆಯವರೆಗೆ ಸರಿಯಿದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ, ಇಷ್ಟರಿಂದಲೇ ಯಂತ್ರ ತೆರೆದುಕೊಳ್ಳುವ ಸಂಭವ ಹೆಚ್ಚು, ಏಕೆಂದರೆ ಹಳೆಯ ಕರ್ನಲ್ಲಿಗೆ ಕಟ್ಟಿದ ಮಾಡ್ಯೂಲ್ ಇನ್ನೂ ಅಲ್ಲೇ ಇರುತ್ತದೆ.

ಅದೂ ಆಗದಿದ್ದರೆ ಗ್ರಬ್ ಪಟ್ಟಿಯ ಮೊದಲ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ಬರುವ ಬರಹದಲ್ಲಿ ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಸೇರಿಸಿ ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಬಾರಿಗೆ ಮಾತ್ರ. ಪರದೆ ದೊಡ್ಡದಾಗಿ, ಒರಟಾಗಿ ಕಾಣಬಹುದು, ಪರವಾಗಿಲ್ಲ. ಒಳಗೆ ಹೋದ ಮೇಲೆ ‘ಸುಡೊ ಆಪ್ಟ್ ಪರ್ಜ್ 'ಎನ್ವಿಡಿಯಾ-*'’ ಎಂದು ಕೊಡಿ. ಒಳಗಿನ ಉದ್ಧರಣ ಚಿಹ್ನೆಗಳು ಆದೇಶದ ಭಾಗವೇ. ಏನೇನು ತೆಗೆಯುತ್ತೇನೆ ಎಂದು ಅದು ತೋರಿಸುವ ಪಟ್ಟಿಯನ್ನು ಪೂರ್ತಿ ಓದಿದ ಮೇಲೆಯೇ ಒಪ್ಪಿಗೆ ಕೊಡಿ. ನಂತರ ‘ಸುಡೊ ಆಪ್ಟ್ ಆಟೋರಿಮೂವ್’, ‘ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಎರಡನ್ನೂ ಕೊಟ್ಟು ರೀಸ್ಟಾರ್ಟ್ ಮಾಡಿದರೆ ನೂವೋ ಮತ್ತೆ ಕಾರ್ಡನ್ನು ವಹಿಸಿಕೊಳ್ಳುತ್ತದೆ. ಅಲ್ಲಿಂದ ಮೇಲಿನ ಕ್ರಮವನ್ನು ಹೊಸದಾಗಿ, ಈ ಬಾರಿ ಸರಣಿ ಸಂಖ್ಯೆಯನ್ನು ಇನ್ನೊಮ್ಮೆ ತಾಳೆ ನೋಡಿಕೊಂಡು, ಶುರು ಮಾಡಬಹುದು.

ಡ್ರೈವರ್ ಒಮ್ಮೆ ಕೂತ ಮೇಲೆ ನಿತ್ಯದ ಅಪ್‌ಡೇಟ್‌ಗಳನ್ನು ಹೆದರಿ ನಿಲ್ಲಿಸುವ ಅಗತ್ಯವಿಲ್ಲ. ಹೊಸ ಕರ್ನಲ್ ಬಂದ ದಿನ ಅಪ್‌ಡೇಟ್ ಪೂರ್ತಿ ಮುಗಿಯುವ ಮೊದಲು ಲ್ಯಾಪ್‌ಟಾಪ್ ಮುಚ್ಚಬೇಡಿ, ರೀಸ್ಟಾರ್ಟ್ ಮಾಡಿ ‘ಎನ್ವಿಡಿಯಾ-ಎಸ್‌ಎಂಐ’ ಉತ್ತರ ಕೊಡುವುದನ್ನು ಕಣ್ಣಾರೆ ನೋಡಿ. ಅದನ್ನು ನೋಡುವವರೆಗೆ, ಜಾಗ ಸಾಲದೆಂದು ಹಳೆಯ ಕರ್ನಲ್ಲನ್ನು ಕೈಯಾರೆ ಅಳಿಸಬೇಡಿ.